ಶರಣಮ್ಮ ಆಟ ನಿಲ್ಲಿಸದ ಕಾರಣ

೧೯೯೭ರಲ್ಲಿ ನಾನು ಲಿಂಗಸುಗೂರಿನ ಸಣ್ಣದೊಂದು ಕಣ್ಣಿನ ದವಾಖಾನೆಯಲ್ಲಿ ರಿಫ್ರಾಕ್ಷನಿಸ್ಟ್ ಆಗಿದ್ದೆ, ಅಂದರೆ ಕನ್ನಡಕದ ನಂಬರು ನೋಡುವವನು. ಡಾಕ್ಟರು ಸಿಂಧನೂರಿನಿಂದ ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನಗಳಲ್ಲಿ ಬಂದವರ ಕಣ್ಣು ಪರೀಕ್ಷಿಸಿ ಚೀಟಿ ಬರೆದಿಡುವುದು ನನ್ನ ಕೆಲಸ.

ಆ ವರ್ಷದ ಶ್ರಾವಣದಲ್ಲಿ ಹಟ್ಟಿಯಿಂದ ಅಮರಪ್ಪನವರು ತಮ್ಮ ಮಗಳು ಶರಣಮ್ಮನನ್ನು ಕರೆತಂದರು. ಅವರು ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುವವರು. ಹುಡುಗಿಗೆ ಹದಿನೇಳು, ಎರಡನೆಯ ಪಿಯುಸಿ. ತಲೆನೋವು, ಕಣ್ಣುರಿ. ತಾಯಿ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಅದನ್ನು ಅಮರಪ್ಪ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು.

ಕತ್ತಲ ಕೋಣೆಯಲ್ಲಿ ಅಕ್ಷರದ ಚಾರ್ಟಿಗೆ ಮಾತ್ರ ದೀಪ ಹಾಕಿದೆ. ಕೊನೆಯ ಸಾಲಿನವರೆಗೆ ಓದಿದಳು. ಎರಡೂ ಕಣ್ಣು ೬/೬, ಅಂದರೆ ದೋಷವಿಲ್ಲ. ಓದಿ ಮುಗಿದರೂ ಅವಳ ನೋಟ ಆ ಬೆಳಕಿನಲ್ಲೇ ನಿಂತಿತ್ತು.

"ಅಕ್ಷರದ ಮ್ಯಾಲೆ ಇಟ್ಟಂಗಿ ಬೀಳಾಕತ್ತಾವ್ರಿ," ಎಂದಳು ನಿಧಾನವಾಗಿ. "ಮೆಲ್ಲಕ. ಮಳಿ ನಿಂತ ಮ್ಯಾಲೆ ಮಾಳಿಗಿ ಸೋರಿದಂಗ."

ತಂದೆ ವಿವರಿಸಿದರು. ಅವಳ ಸೋದರಮಾವ ಹೈದರಾಬಾದಿನಿಂದ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ತಂದುಕೊಟ್ಟಿದ್ದ. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಗುಂಡಿ ಒತ್ತಿ ಸಾಲಾಗಿ ಕೂಡಿಸಬೇಕು. ಮಗಳು ಕಾಲೇಜು ಬಿಟ್ಟು ಇಡೀ ದಿನ ಅದರಲ್ಲೇ ಇರುತ್ತಿದ್ದಳು.

"ಕಣ್ಣು ಚಲೋ ಅದಾವ್ರಿ. ಆ ಆಟ ಕಸಕೊಂಡು ಒಳಗಿಡ್ರಿ. ವಾರದಾಗ ಸರಿ ಹೋಗ್ತಾಳ," ಎಂದೆ. ನನಗದು ಬಹಳ ಸುಲಭದ ಕೇಸು ಅನ್ನಿಸಿತ್ತು.

ನಾಲ್ಕನೆಯ ದಿನ ಅಮರಪ್ಪ ಒಬ್ಬರೇ ಬಂದು ಬಾಗಿಲಲ್ಲೇ ನಿಂತರು.

"ಪೆಟ್ಟಿಗ್ಯಾಗಿಟ್ಟು ಕೀಲಿ ಹಾಕೀನ್ರಿ. ಅವತ್ತಿನಿಂದ ಅಕಿ ಅನ್ನ ಮುಟ್ಟಿಲ್ಲ, ಮಾತಾಡಿಲ್ಲ. ಸುಮ್ನ ಕುಂತಾಳ, ಹೆಬ್ಬಟ್ಟು ಮಾತ್ರ ಆಡಾಕತ್ತಾವ."

ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ. "ನೀವು ಹೋಗಿ ನೋಡ್ರಿ. ಇವತ್ತೂ ಉಣ್ಣದಿದ್ದರೆ ರಾಯಚೂರಿನ ದೊಡ್ಡ ದವಾಖಾನೆಗೆ ಕಳಿಸೋಣ," ಎಂದರು. ಅಮರಪ್ಪನವರ ಜೊತೆಗೇ ಹಟ್ಟಿಯ ಬಸ್ಸು ಹತ್ತಿದೆ.

ಶರಣಮ್ಮ ಗಣಿಯ ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಬಯ್ಯಲು ನನಗೆ ಬಾಯಿ ಬರಲಿಲ್ಲ. ಪೆಟ್ಟಿಗೆಯಿಂದ ಆಟ ತೆಗೆಸಿಕೊಂಡು, "ನನಗ ಆಡಾಕ ಬರಂಗಿಲ್ಲ, ತೋರಸು ತಂಗಿ," ಎಂದೆ. ಅವಳು ಗುಂಡಿಗಳನ್ನು ತೋರಿಸಿದಳು. ನಾನು ಆಡಿದೆ, ಸೋತೆ, ಮತ್ತೆ ಆಡಿದೆ. ಬೂದುಬಣ್ಣದ ಆ ಚೌಕಟ್ಟಿನೊಳಗೆ ಒಂದೊಂದೇ ಆಕಾರ ತೇಲಿ ಇಳಿಯುತ್ತಿತ್ತು. ಊರಿನ ಸದ್ದೆಲ್ಲ ದೂರವಾಯಿತು. ತಲೆ ಎತ್ತಿದಾಗ ಅಂಗಳದ ಬಿಸಿಲು ಎದುರಿನ ಗೋಡೆ ಹತ್ತಿತ್ತು. ಬುದ್ಧಿ ಹೇಳಲು ಬಂದವನಿಗೆ ಹೊತ್ತು ಹೋದದ್ದೇ ಗೊತ್ತಾಗಿರಲಿಲ್ಲ.

ಆಟದ ಕುಂಯ್ ಕುಂಯ್ ಸದ್ದು ಕಿರಿಕಿರಿಯಾಗಿ ಅದನ್ನು ಬಂದ್ ಮಾಡಲು ಹೋದೆ. ಅವಳು ನನ್ನ ಕೈ ತಡೆದಳು.

"ಸಪ್ಪಳ ನಿಂದ್ರಸಬ್ಯಾಡ್ರಿ."

"ಯಾಕವಾ?"

"ದವಾಖಾನ್ಯಾಗ ಅವ್ವಗ ಕಣ್ಣು ತೆರೆಯಾಕ ಆಗ್ತಿದ್ದಿಲ್ರಿ. ಈ ಸಪ್ಪಳ ಕೇಳಿದ್ರ ನಾ ಬಾಜೂಕ ಅದೀನಂತ ತಿಳ್ಕೊಂತಿದ್ಳು. ನಿಂತ್ರ 'ಶರಣೀ, ಹೋದೇನು?' ಅಂತಿದ್ಳು." ಆಟದ ಹಿಂದಿನ ಬ್ಯಾಟರಿ ಮುಚ್ಚಳ ಮುಟ್ಟಿ ಹೇಳಿದಳು: "ಅವತ್ತು ಸೆಲ್ ಮುಗದಿತ್ರಿ. ತರಾಕ ಹೋಗಿದ್ದೆ. ಬರೋದ್ರಾಗ ಅವ್ವ ಇದ್ದಿಲ್ಲ. ನನ್ನ ಕರದಿರಬೇಕು."

ಬಾಗಿಲಿಗೆ ಒರಗಿದ್ದ ಅಮರಪ್ಪ ಮಗಳ ಹತ್ತಿರ ಬಂದು ಕುಳಿತರು.

"ಕರದಿಲ್ಲವಾ," ಎಂದರು. "ನಾ ಅಲ್ಲೇ ಇದ್ನಲ್ಲ. ಶರಣಿ ಸೆಲ್ ತರಾಕ ಹೋಗ್ಯಾಳ, ಈಗ ಬರ್ತಾಳ ಅಂತ ಹೇಳಿದೆ. ಹೂಂ ಅಂದ್ಳು. ನನ್ನ ಕೈ ಹಿಡ್ಕೊಂಡು ಹಂಗ ಮಲಗಿದ್ಳು."

"ನನಗ್ಯಾಕ ಹೇಳ್ಲಿಲ್ಲ?"

"ಆ ಮಾತು ತೆಗದ್ರ ನೀ ಅಳ್ತಿ ಅಂತ."

ಅವಳು ಅತ್ತಳು. ತಂದೆಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕೊನೆಗೆ ಅವಳ ನೆತ್ತಿಯ ಮೇಲೆ ಇಟ್ಟರು. ಆಮೇಲೆ ಅವರೇ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಮೂವರೂ ಉಂಡೆವು. ಅವಳು ಅರ್ಧ ರೊಟ್ಟಿ ತಿಂದಳು.

ಮರಳುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿದೆ. ಸಂಜೆಯ ಕೆಂಪು ರೆಪ್ಪೆಯೊಳಗೆ ಉಳಿದಿತ್ತು, ಅದರ ಮೇಲೆ ಇಟ್ಟಿಗೆಗಳು ಸದ್ದಿಲ್ಲದೆ ಇಳಿಯುತ್ತಿದ್ದವು. ಆ ಹುಡುಗಿ ಕತ್ತಲ ಕೋಣೆಯಲ್ಲಿ ಕಂಡದ್ದನ್ನು ನಾನೂ ಕಂಡೆ.

ಶರಣಮ್ಮ ಆಟವನ್ನು ಒಂದೇ ದಿನಕ್ಕೆ ಬಿಡಲಿಲ್ಲ. ಅಮರಪ್ಪ ಅದನ್ನು ಮತ್ತೆ ಬಚ್ಚಿಡಲಿಲ್ಲ. ಪಾಳಿ ಮುಗಿಸಿ ಬಂದು ಮಗಳ ಪಕ್ಕ ಕುಳಿತು, ಹೆಂಡತಿಯ ಹೆಸರು ಹಿಡಿದು ಮಾತಾಡುವುದನ್ನು ರೂಢಿಸಿಕೊಂಡರು. ದೀಪಾವಳಿಯ ನಂತರ ತಪಾಸಣೆಗೆ ಬಂದ ಶರಣಮ್ಮ, "ಒಂದೊಂದಿನ ಚಾಲೂ ಮಾಡೋದ ಮರ್ತುಬಿಡ್ತೀನ್ರಿ," ಎಂದಳು. ಒಂದು ವರ್ಷ ತಡವಾಗಿ ಪರೀಕ್ಷೆ ಬರೆದು ಪಾಸಾದಳು.

ನಾನು ನಿವೃತ್ತನಾಗುವ ಹೊತ್ತಿಗೆ ಮಕ್ಕಳ ಕೈಗೆ ಮೊಬೈಲು ಬಂದಿತ್ತು. ಆನ್‌ಲೈನ್ ಆಟಕ್ಕೆ ಅಂಟಿಕೊಂಡವರನ್ನು ತಂದೆತಾಯಿ ರಟ್ಟೆ ಹಿಡಿದು ಕರೆತರುತ್ತಿದ್ದರು, ನಾನು ಏನಾದರೂ ಗದರಿಸಲಿ ಎಂದು. ಹಿರಿಯರನ್ನು ಹೊರಗೆ ಕೂಡಿಸಿ ಮಗುವನ್ನು ಒಂದೇ ಮಾತು ಕೇಳುತ್ತಿದ್ದೆ: "ಇದನ್ನ ಕೆಳಗಿಟ್ರ ನಿನಗ ಏನಾಗ್ತದ?" ಹೆಚ್ಚಿನವರು ಬಹಳ ಹೊತ್ತು ಸುಮ್ಮನಿರುತ್ತಿದ್ದರು. ಅವರು ಬಾಯಿ ಬಿಡುವವರೆಗೆ ಕಾಯುವುದನ್ನು ಮಾತ್ರ ಈ ವೃತ್ತಿಯಲ್ಲಿ ನಾನು ಸರಿಯಾಗಿ ಕಲಿತೆ.