ಮಾಶಾಬಿಯ ಕಂಬಳಿ ಗೋಡೆ

ಬೆಳಗಾಗುತ್ತಿದ್ದಂತೆ ಮಾಶಾಬಿ ಎರಡೂ ಕದ ತೆರೆದಿಡುತ್ತಾರೆ. ಧಾರವಾಡದ ಆ ಸಣ್ಣ ಓಣಿಯ ಬೆಳಕು ಹೊಸ್ತಿಲು ದಾಟಿ, ಎದುರುಗೋಡೆಗೆ ಮೊಳೆ ಬಡಿದು ಹಾಕಿದ ಕರಿ ಕಂಬಳಿಯ ಮೇಲೆ ಬೀಳುತ್ತದೆ. ಕಂಬಳಿಯ ತುಂಬ ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳು. ಗುಂಡುಸೂಜಿ ಇಲ್ಲ, ಅಂಟಿಲ್ಲ. ಉಣ್ಣೆಯ ಒರಟಿಗೆ ಅರಿವೆ ತಾನೇ ಕಚ್ಚಿಕೊಂಡಿದೆ. ತುಂಡುಗಳು ಇಲ್ಲಿ ಒಪ್ಪವಾಗಿ ಕೂತ ಮೇಲೆಯೇ ಅವನ್ನು ಕೂಡಿಸಿ ಹೊಲಿಯುವ ಕೌದಿಗೆ ಸೂಜಿ ಇಳಿಯುವುದು.

ಮಾಶಾಬಿ ಹೊಸ್ತಿಲಿಗೆ ಸರಿದು, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಹಾಲಿನ ಯಮನಪ್ಪ ಸೈಕಲ್ ನಿಲ್ಲಿಸಿ ಇಣುಕುತ್ತಾನೆ. "ನಿನ್ನಿ ಆ ಕೆಂಪು ಒದರಾಕತ್ತಿತ್ತು ನೋಡ್ರಿ ಚಾಚಿ. ಇವತ್ತ ಸುಮ್ಮ ಕುಂತೈತಿ."

ಹೌದು. ಕೆಂಪಿನ ಪಕ್ಕ ನಿನ್ನೆ ಇಲ್ಲದ ಹಳದಿ ತುಂಡೊಂದು ಬಂದಿದೆ. "ಇದನ್ನ ಯಾರ ಹಚ್ಚಿದ್ರು?" ಎನ್ನುತ್ತಾರೆ ಮಾಶಾಬಿ. ಒಳಗೆ ಸೊಸೆ ತೊಳೆಯುತ್ತಿದ್ದ ಪಾತ್ರೆಯ ಸದ್ದು ತುಸು ನಿಲ್ಲುತ್ತದೆ.

ತವರೂರು ಮುಗದದಲ್ಲಿ ತಾಯಿಯ ಪಕ್ಕ ಕೂತು, ನೆಲಕ್ಕೆ ಹಾಸಿ ಕೌದಿ ಹೊಲಿಯಲು ಕಲಿತವರು ಮಾಶಾಬಿ. ಮೊಣಕಾಲು ನೋವು ಹಿಡಿದ ಮೇಲೆ ನೆಲ ದೂರವಾಯಿತು. ಕಂಬಳಿ ಗಂಡ ಮಕಬೂಲಸಾಬರದು. ಅವರು ತೀರಿದ ಮೇಲೆ ಅದನ್ನು ಯಾರೂ ಹೊದ್ದಿಲ್ಲ.

"ಮಡಚಿ ಇಟ್ರ ನುಸಿ ತಿಂತಾವ್ರಿ. ಗ್ವಾಡಿಗಿ ಮೊಳಿ ಹೊಡದ ಹಾಕಿದೆ. ಒಂದಿನ ಕೈಯಾನ ತುಂಡು ಹೋಗಿ ಅದಕ್ಕ ಹತ್ತಿಕೊಂತು. ಬಿಡಲೇ ಇಲ್ಲ. ನಾನೂ ಬಿಡಲಿಲ್ಲ. ನೆಲದ ಮ್ಯಾಲ ಹಾಸಿದ್ರ ಕೌದಿ ಮೂಗಿನ ಮುಂದ ಇರ್ತೈತಿ. ತಪ್ಪು ಕಾಣೂದು ದೂರದಿಂದ್ರಿ" ಎಂದು ಪೇಪರಿಗೆ ಬರೆದುಕೊಳ್ಳಲು ಬಂದ ನನಗೆ ಮಾಶಾಬಿ ಹೇಳುತ್ತಾರೆ.

ಉಪ್ಪಿನಬೆಟಗೇರಿಯಿಂದಲೂ ಜನ ಅರಿವೆಯ ಗಂಟು ಹೊತ್ತು ಬರುತ್ತಾರೆ. ಒಂದು ಕೌದಿಗೆ ಎರಡು ವಾರ ಹಿಡಿಯುತ್ತದೆ.

ಆದರೆ ಮನೆಗಿರುವುದು ಒಂದೇ ದೊಡ್ಡ ಗೋಡೆ. ಮಗ ಬಿಲಾಲನ ಮದುವೆಯಲ್ಲಿ ಸೊಸೆ ಯಾಸ್ಮಿನ ತಂದ ಕಬ್ಬಿಣದ ಕಪಾಟು ಪ್ಲಾಸ್ಟಿಕ್ ಹೊದ್ದು ಹೊರಗಿನ ಕಟ್ಟೆಯ ಮೇಲೆಯೇ ನಿಂತಿದೆ. ಬಟ್ಟೆ ಬೇಕಾದಾಗೆಲ್ಲ ಯಾಸ್ಮಿನ ಬೀದಿಗೆ ಬರಬೇಕು. ಎದುರುಮನೆಯ ದ್ರಾಕ್ಷಾಯಿಣಿ ಸುಮ್ಮನಿರುವವರಲ್ಲ. "ಏನ ಮಾಶಾಬಿ, ಸೊಸಿ ಕಪಾಟ ಹೊರಗ, ಊರ ಹರಕ ಅರಿವಿ ಒಳಗ?"

ಮಳೆ ಹತ್ತಿರ ಬಂದಿದೆ. ಕಪಾಟಿಗೆ ತುಕ್ಕು ಹಿಡಿಯುತ್ತದೆ. ಇವತ್ತು ಗ್ಯಾರೇಜಿಗೆ ರಜೆ. ಬಿಲಾಲ ಕಂಬಳಿಯ ಮೊಳೆ ಕೀಳಲು ಇಕ್ಕಳ ಹಿಡಿದು ಗೋಡೆಯ ಮುಂದೆ ನಿಂತಿದ್ದಾನೆ.

"ಅಕೀದೂ ಮನಿ ಇದು. ಕೀಳಪಾ" ಎನ್ನುತ್ತ ಮಾಶಾಬಿ ತುಂಡುಗಳನ್ನು ಬಿಡಿಸತೊಡಗುತ್ತಾರೆ. ಹಳದಿಯ ಹತ್ತಿರ ಕೈ ನಿಲ್ಲುತ್ತದೆ.

ಯಾಸ್ಮಿನ ಹಿಟ್ಟಿನ ಕೈಯಲ್ಲೇ ಬಂದು ಗಂಡನಿಂದ ಇಕ್ಕಳ ಕಸಿಯುತ್ತಾಳೆ. "ಮೊಳಿ ಮುಟ್ಟಬ್ಯಾಡ್ರಿ. ನಮ್ಮ ಖೋಲ್ಯಾನ ಮಂಚ ಹೊರಗ ಹಾಕ್ರಿ. ಅಲ್ಲಿ ಕಪಾಟ ಕುಂದರ್ತೈತಿ."

"ಮತ್ತ ಮಲಗೂದ ಎಲ್ಲಿ?" ಎನ್ನುತ್ತಾನೆ ಬಿಲಾಲ.

"ನೆಲದ ಮ್ಯಾಲ. ಕೌದಿ ಹೊಲಿಯೋರ ಮನ್ಯಾಗ ಹಾಸಿಗಿಗಿ ಬರ ಏನ್ರಿ?"

ಕಪಾಟು ಅವರ ಕೋಣೆಗೆ ಹೋಗುತ್ತದೆ, ಮಂಚ ಕಟ್ಟೆಗೆ ಬರುತ್ತದೆ. ಅದರ ಮೇಲೆ ಮೊದಲು ಕೂರುವವರು ದ್ರಾಕ್ಷಾಯಿಣಿ.

ಒಳಗೆ ಮಾಶಾಬಿ ತುಂಡುಗಳನ್ನು ಮತ್ತೆ ಕಂಬಳಿಗೆ ಒತ್ತುತ್ತಿದ್ದಾರೆ. ಹಳದಿ ಇದ್ದಲ್ಲಿಯೇ ಇದೆ. "ಪೇಪರಿನ್ಯಾಗ ನನ್ನ ಹೆಸರ ಹಾಕೂದಾದ್ರ ಸೊಸೀದೂ ಹಾಕ್ರಿ" ಎನ್ನುತ್ತಾರೆ, ತಿರುಗದೆ. "ಆ ಹಳದಿ ಅಕೀದು."