ಕ್ಯಾರಿಯರ್ ಮೇಲಿನ ಭಾರ

ನನ್ನ ತಮ್ಮ ಪುಟ್ಟಸ್ವಾಮಿಯನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೆ. ಕರೆದುಕೊಂಡು ಹೋಗಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅವನ ಕಾಲುಗಳಲ್ಲಿ ಶಕ್ತಿ ಇರಲಿಲ್ಲ. ಎಲ್ಲಿಗೆ ಹೋದರೂ ಎತ್ತಿಕೊಂಡೇ ಹೋಗಬೇಕಿತ್ತು. ಗೆಳೆಯರ ಮುಂದೆ ಹಾಗೆ ಎತ್ತಿಕೊಂಡು ತಿರುಗಲು ನನಗೆ ನಾಚಿಕೆಯಾಯಿತು. ಹೊರಡುವ ದಿನ ಅವನು ಏಳುವ ಮೊದಲೇ ಮನೆ ಬಿಟ್ಟೆ. ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು. ಆದರೂ ದೆವ್ವ, ಪವಾಡ ಎಂದು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದೆ. ಹಾಗೆ ನಕ್ಕವನು ಇದನ್ನು ಹೇಗೆ ಹೇಳುವುದೋ ತಿಳಿಯದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅರವತ್ತರ ದಶಕದ ಮಾತು. ನಮ್ಮೂರು ಸಿಂಧಘಟ್ಟದಿಂದ ನಾನು, ಗೆಳೆಯರಾದ ಜವರ, ಚಿಕ್ಕಣ್ಣ ಬಸ್ಸಿನಲ್ಲಿ ಹೊರಟೆವು. ಪಟ್ಟಣ ನಮಗೆ ಹೊಸದು. ಗುಡಿಗಳನ್ನೆಲ್ಲ ಸುತ್ತೋಣವೆಂದು ಒಬ್ಬೊಬ್ಬರು ಒಂದೊಂದು ಬಾಡಿಗೆ ಸೈಕಲ್ ತೆಗೆದುಕೊಂಡೆವು. ರಂಗನಾಥಸ್ವಾಮಿ ಗುಡಿಯಿಂದ ಹೊರಟಾಗಲೇ ನನ್ನ ಸೈಕಲ್ ಭಾರ ಅನ್ನಿಸಿತು. ಗಾಳಿ ನೋಡಿದೆ, ಸರಿಯಾಗಿತ್ತು. ಚೈನೂ ಸರಿಯಾಗಿತ್ತು.

ಗಂಗಾಧರೇಶ್ವರನ ಗುಡಿಯ ಮುಂದೆ ನಾನು ಇಳಿದದ್ದನ್ನು ಕಂಡು ಜವರ ನಕ್ಕ.

“ಲೇ, ಯಾಕ್ಲಾ ಮುಂದ್ಗಡೆಯಿಂದ ಕಾಲೆತ್ತಿ ಇಳೀತೀಯ? ಇಂದೆ ನಿನ್ನೆಂಡ್ರು ಕೂತವ್ಳಾ?”

“ಇಲ್ದಿರೋ ಎಂಡ್ರು ಎಲ್ಲಿಂದ ಬಂದಾಳ್ಲಾ,” ಎಂದ ಚಿಕ್ಕಣ್ಣ.

ಕ್ಯಾರಿಯರ್ ಮೇಲೆ ಯಾರಾದರೂ ಕೂತಿದ್ದರೆ ಹಿಂದಿನಿಂದ ಕಾಲು ತಿರುಗಿಸಿ ಇಳಿಯಲಾಗುವುದಿಲ್ಲ, ಅವರಿಗೆ ಒದೆ ಬೀಳುತ್ತದೆ. ಮುಂದಿನ ಕಂಬಿಯ ಮೇಲಿಂದಲೇ ಕಾಲು ತೆಗೆಯಬೇಕು. ನಾನು ಹಾಗೆ ಇಳಿದದ್ದು ನನಗೇ ಗೊತ್ತಿರಲಿಲ್ಲ. ನರಸಿಂಹಸ್ವಾಮಿ ಗುಡಿಯ ಮುಂದೆ ಬೇಕೆಂದೇ ಹಿಂದಿನಿಂದ ಇಳಿಯಲು ನೋಡಿದೆ. ಕಾಲು ಮೇಲೇಳಲಿಲ್ಲ.

ಗಂಜಾಂ ದಾಟಿ ನಿಮಿಷಾಂಬೆಯ ಗುಡಿಗೆ ಹೋಗುವಾಗ ಕರುವೊಂದು ಅಡ್ಡ ಬಂತು. ಬ್ರೇಕ್ ಹಾಕಿದೆ. ಸೊಂಟದ ಹತ್ತಿರ ಯಾರೋ ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ತಿರುಗಿ ನೋಡಿದರೆ ಯಾರೂ ಇಲ್ಲ. ಗೆಳೆಯರು ಆಗಲೇ ಬಹಳ ಮುಂದೆ ಹೋಗಿದ್ದರು. ಅವರಿಗೆ ನಾನು ಏನನ್ನೂ ಹೇಳಲಿಲ್ಲ.

ಸಂಜೆ ಊರಿಗೆ ಬಂದಾಗ ಪುಟ್ಟಸ್ವಾಮಿ ಜಗಲಿಯ ಮೇಲೆ ಕೂತಿದ್ದ. ಮುನಿಸಿಕೊಂಡಿರುತ್ತಾನೆ ಎಂದುಕೊಂಡಿದ್ದೆ. ಅವನು ನಗುತ್ತಿದ್ದ.

“ಅಲ್ಲಣ್ಣ, ಕರ ಅಡ್ಡ ಬಂತು ಅಂತ ಅಂಗಾ ಬ್ರೇಕ್ ಹಾಕೋದು? ಬಿದ್ದೋಗ್ತಿದ್ದೆ ನಾನು.”

“ನಿಂಗ್ಯಾರ್ಲಾ ಏಳಿದ್ದು?”

“ಯಾರೂ ಏಳ್ಲಿಲ್ಲ. ಮಧ್ಯಾನ ಮಲಗಿದ್ದೆ, ಕನಸು ಬಿತ್ತು.”

ಅವನನ್ನು ಎತ್ತಿಕೊಂಡು ಒಳಗೆ ಹೋದೆ.

ಸುಗ್ಗಿ ಮುಗಿದ ಮೇಲೆ ಅವನನ್ನು ಬಸ್ಸಿಗೆ ಹತ್ತಿಸಿಕೊಂಡು ಹೋದೆ. ಅದೇ ಅಂಗಡಿಯಲ್ಲಿ ಸೈಕಲ್ ತೆಗೆದುಕೊಂಡು, ಕ್ಯಾರಿಯರ್ ಮೇಲೆ ಕೂರಿಸಿ ತುಳಿದೆ. ಅದೇ ಭಾರ. ಹೆಚ್ಚಿಲ್ಲ, ಕಡಿಮೆಯಿಲ್ಲ. ಅವತ್ತು ನಡೆದದ್ದು ಏನು, ಹೇಗೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಓದಿದವರನ್ನು ಕೇಳಿದರೆ ಅವರೂ ಹೇಳಲಾರರು. ಗಂಜಾಂ ದಾಟಿದಾಗ ಅವನು ಸೊಂಟದ ಹತ್ತಿರ, ಅದೇ ಜಾಗದಲ್ಲಿ, ನನ್ನ ಅಂಗಿ ಹಿಡಿದುಕೊಂಡ.

“ಇನ್ನೂ ಜೋರಾಗಿ ತುಳಿಯಣ್ಣೋ,” ಎಂದ.

ನಾನು ರಸ್ತೆಯನ್ನೇ ನೋಡುತ್ತಾ ಹೇಳಿದೆ: “ತಪ್ಪಾಯ್ತು ಕಣ್ಲಾ. ಅವತ್ತು ನಿನ್ನ ಬುಟ್ಟೋಗಬಾರ್ದಾಗಿತ್ತು.”