ಬಸ್ಸಿನಲ್ಲಿ ಹೋದ ಒಂದು ಹಿಡಿ ಬೀಜ

ಬೆಳಗಿನ ಮೊದಲ ವಿಮಾನ ಈಗಷ್ಟೇ ಇಳಿದಿದೆ. ಎರಡು ಬಾಗಿಲುಗಳ ಆಚೆ, ಗಾಳಿಯೂ ಜಾಲರಿ ದಾಟಿ ಬರುವ ಪುಟ್ಟ ಬೀಜ ತಪಾಸಣೆಯ ಕೋಣೆಯಲ್ಲಿ ಆಕೆ ಬಿಳಿ ತಟ್ಟೆಯ ಮೇಲೆ ಬೀನ್ಸ್ ಬೀಜ ಹರಡಿಕೊಂಡು ಕುಳಿತಿದ್ದಾರೆ. ಕುಂಚದ ತುದಿಯಿಂದ ಒಂದೊಂದನ್ನೇ ಮಗುಚಿ ದೀಪಕ್ಕೆ ಹಿಡಿಯುತ್ತಾರೆ. ಒಂದು ಬೀಜದ ಮೇಲೆ ಕುಂಚ ನಿಲ್ಲುತ್ತದೆ. ಸಿಪ್ಪೆಯಡಿ ಗುಂಡುಸೂಜಿಯ ತಲೆಯಷ್ಟು ಮಸುಕು ಬೊಟ್ಟು. ಆಕೆ ತಟ್ಟೆಗೆ ಮುಚ್ಚಳ ಹಾಕುತ್ತಾರೆ.

"ಕಿಟಕಿ ಬಿದ್ದಿದೆ," ಎನ್ನುತ್ತಾರೆ ಮೆಲ್ಲಗೆ. ಬೀಜದೊಳಗೆ ತಿಂದು ಬೆಳೆದ ಮರಿಹುಳ ಹೊರಬರುವ ಮುನ್ನ ತೆಳುವಾಗಿ ಕೊರೆದಿಟ್ಟ ಕಿಟಕಿ ಅದು. ಇನ್ನೆರಡು ದಿನ ಬಿಟ್ಟಿದ್ದರೆ ಹುಳ ಅದನ್ನು ತಳ್ಳಿಕೊಂಡು ಹೊರಬರುತ್ತಿತ್ತು.

ಪರದೇಶದಿಂದ ಬರುವವರು ಮನೆಯ ತೋಟಕ್ಕೆಂದು ಕದ್ದು ತರುವ ಬೀಜಗಳೆಲ್ಲ ಆಕೆಯ ಮೇಜಿಗೆ ಬರುತ್ತವೆ. ಕಾಲುಚೀಲದಲ್ಲಿ ಸುತ್ತಿದ್ದು, ಪೌಡರ್ ಡಬ್ಬಿಯಲ್ಲಿ ಹುದುಗಿಸಿದ್ದು, ಒಮ್ಮೆ ಮಗುವಿನ ಗಿಲಕಿಯೊಳಗೆ ತುಂಬಿದ್ದೂ ಬಂದಿತ್ತು. ಜೊತೆಯವರು ಆಕೆಗಿಟ್ಟ ಹೆಸರು 'ಭೂತಗನ್ನಡಿ ಅಕ್ಕ'. ಬೀಜವಾಗಲಿ ಹುಳವಾಗಲಿ ಸಿಕ್ಕಿಕೊಂಡು ಹೊರಹೋಗದಿರಲೆಂದು ಆಕೆಯ ಸಮವಸ್ತ್ರಕ್ಕೆ ಜೇಬಿಲ್ಲ. ಮನೆಗೆ ಹೊರಡುವ ಮುನ್ನ ಜಡೆ ಬಿಚ್ಚಿ ಕೊಡವುತ್ತಾರೆ, ಚಪ್ಪಲಿಯ ಅಡಿಯನ್ನು ಕುಂಚದಿಂದ ಉಜ್ಜುತ್ತಾರೆ.

"ಒಂದು ಬೀಜಕ್ಕೆ ಇಷ್ಟು ರಾದ್ಧಾಂತನಾ ಅಮ್ಮಾ, ಬಾಂಬ್ ತಂದಿಲ್ವಲ್ಲ ಅಂತಾರೆ ಸಿಕ್ಕಿಬಿದ್ದೋರು. ಬಾಂಬ್ ಒಂದ್ಸಲ ಸಿಡಿದು ಸುಮ್ಮನಾಗುತ್ತೆ. ಇದು ಮೊಟ್ಟೆ ಇಡುತ್ತೆ."

ದೀಪದ ಬುಡದಲ್ಲೇ ಕತ್ತಲು ಎನ್ನುವುದು ಎರಡು ವರ್ಷದ ಹಿಂದೆ ಆಕೆಯ ಮನೆಯಲ್ಲೇ ನಿಜವಾಯಿತು. ಹೊರದೇಶದಲ್ಲಿರುವ ಆಕೆಯ ಅಕ್ಕ, ಈಕೆಗೆ ರಜೆಯಿದ್ದ ದಿನ ನೋಡಿಕೊಂಡೇ ಬಂದಿಳಿದಳು. ಕೋಟಿನ ಅಸ್ತರಿನೊಳಗೆ ಅಮ್ಮನ ಹಿತ್ತಲಿಗೆಂದು ನೇರಳೆ ಬಣ್ಣದ ಬೀನ್ಸ್ ಬೀಜ. ಕೆಲವು ವಾರದ ಮೇಲೆ ಅಮ್ಮನ ಅಡುಗೆಮನೆಯಲ್ಲಿ ಆಕೆ ಬೀಜದ ಡಬ್ಬಿಯೊಂದನ್ನು ತೆರೆದರೆ, ಮುಚ್ಚಳದ ಒಳಗೆ ಹುಳ ಹರಿದಾಡುತ್ತಿತ್ತು. ಈ ಸೀಮೆಯ ಹೊಲಗಳಿಗೆ ಇನ್ನೂ ಕಾಲಿಡದ ಹುಳ.

"ಅಮ್ಮಾ, ಇದು ಎಲ್ಲಿಂದ ಬಂತು?"

"ನಿಮ್ಮಕ್ಕ ತಂದಿದ್ದು. ನಿಂಗೆ ಹೇಳಿದ್ರೆ ಬೀನ್ಸ್ ಚಪ್ಪರಕ್ಕೇ ಬೆಂಕಿ ಇಡ್ತೀಯ ಅಂದಿದ್ಲು."

ಬೆಂಕಿ ಇಡಬೇಕಾಗಿಯೇ ಬಂತು. ಕಚೇರಿಗೆ ಫೋನ್ ಮಾಡಿದ್ದು ಆಕೆಯೇ. ಬಳ್ಳಿಗಳನ್ನು ಬೇರುಸಹಿತ ಕಿತ್ತು ಚೀಲಕ್ಕೆ ತುಂಬುವಾಗ ಅಮ್ಮ ಬಾಗಿಲಿಗೊರಗಿ, "ಮೊಗ್ಗು ಬಂದಿತ್ತು ಕಣೇ," ಎಂದಷ್ಟೇ ಹೇಳಿದರು. ಅಕ್ಕ ಅಂದಿನಿಂದ ಮಾತು ಬಿಟ್ಟಿದ್ದಾಳೆ.

ಆದರೆ ಕೈತೋಟದವರ ಕೈ ಸುಮ್ಮನಿರುವುದುಂಟೇ? ಅಮ್ಮ ಕಾಂಪೌಂಡಿನ ಮೇಲಿಂದ ಮೂರು ಮನೆಗೆ ಹಿಡಿ ಹಿಡಿ ಬೀಜ ಹಂಚಿಯಾಗಿತ್ತು. ಎರಡು ಮನೆಯವರು ಗೊಣಗುತ್ತ ಹಿಂದಿರುಗಿಸಿದರು. ಮೂರನೆಯ ಮನೆಯಾಕೆ ನಕ್ಕುಬಿಟ್ಟರು. "ಬಸ್ಸಲ್ಲಿ ಪಕ್ಕದಲ್ಲಿ ಕೂತಿದ್ದೋರಿಗೆ ಕೊಟ್ಬಿಟ್ನಲ್ಲ! ಗಿಡದ ಮಾತು ಬಂತು, ಕೊಟ್ಟೆ. ಹೆಸರು ಯಾರು ಕೇಳ್ತಾರೆ?"

ಅಂದಿನಿಂದ ಆಕೆ ಮನೆಗೆ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ದಿನಕ್ಕೊಂದು ಬೀದಿ ಹಿಡಿದು, ಕಂಡವರ ಗೋಡೆಯಾಚೆ ನೇರಳೆ ಬಣ್ಣದ ಬೀನ್ಸ್ ಕಾಯಿ ಹುಡುಕುತ್ತಾರೆ. ಕಳೆದ ವಾರ ಗೇಟಿನ ಬಳಿ ಬಗ್ಗಿ ನೋಡುತ್ತಿದ್ದಾಗ ಮನೆಯ ಯಜಮಾನರು ಹೊರಬಂದರು.

"ಏನಮ್ಮಾ, ಕಾಯಿ ಬೇಕಿತ್ತಾ?"

"ಕಾಯಿ ಬೇಡ ಸಾರ್. ಬಿತ್ತನೆಗೆ ಇಟ್ಟಿರೋ ಬೀಜ ಒಮ್ಮೆ ತೋರಿಸ್ತೀರಾ?"

ಅವರು ಗೇಟಿಗೆ ಚಿಲಕ ಹಾಕಿಕೊಂಡರು.

ಆಕೆ ಈಗ ಮುಚ್ಚಿದ ತಟ್ಟೆಯನ್ನು ಹುಳಬಿದ್ದ ಬೀಜ ಸುಡುವ ಒಲೆಯ ಕಡೆಗೆ ಒಯ್ಯುತ್ತಾರೆ. ಏನಾದರೂ ಆಸೆ ಉಂಟೇ ಎಂದರೆ ಬಡ್ತಿಯ ಮಾತೂ ಇಲ್ಲ, ವರ್ಗಾವಣೆಯ ಮಾತೂ ಇಲ್ಲ. ಒಲೆಯ ಬಾಗಿಲು ಮುಚ್ಚಿ, ಅದು ಭದ್ರವಾಗಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡಿ ಹೇಳುತ್ತಾರೆ:

"ಬಸ್ಸಲ್ಲಿ ಆ ಬೀಜ ತಗೊಂಡ ಪುಣ್ಯಾತ್ಮರು ಮಹಾ ಸೋಮಾರಿ ಆಗಿರ್ಲಿ. ಬಿತ್ತೋಕೆ ಬೇಜಾರಾಗಿ, ಅವತ್ತೇ ಬೇಯಿಸ್ಕೊಂಡು ತಿಂದಿರ್ಲಿ."